ಕಮಿರೀಥುವಿನ ಬಯಲು ರಂಗಮಂದಿರ

ಕಲೆಯನ್ನು ಜನರ ಬಳಿಗೆ ಕೊಂಡೊಯ್ಯಬೇಕು ಎಂಬ ಮಾತನ್ನು ನಾವೆಲ್ಲ ಸಭೆಗಳಲ್ಲಿ ಕೇಳುತ್ತ ಬಂದಿದ್ದೇವೆ. ನಾನಂತೂ ಕೆಲವು ಸಭೆಗಳಲ್ಲಿ ಹೇಳಿಯೂ ಇದ್ದೇನೆ. ಕೇಳುವುದಕ್ಕೆ ಹಿತವಾದ ಮಾತು. ಆದರೆ ಮೂವತ್ತು ವರ್ಷಕ್ಕೂ ಮೇಲೆ ವ್ಯಾಕರಣ ಪಾಠ ಹೇಳಿದವನ ಕಿವಿಗೆ ಈ ವಾಕ್ಯದಲ್ಲಿ ಏನೋ ತೊಡಕಿದೆ ಎನ್ನಿಸುತ್ತದೆ. ಇಲ್ಲಿ ಕರ್ತೃ ಯಾರು? ನಾವು. ಕರ್ಮ ಯಾವುದು? ಕಲೆ. ಜನರು ಎಲ್ಲಿದ್ದಾರೆ? ಅವರು ವಾಕ್ಯದ ಅಂಚಿನಲ್ಲಿ, ನಾವು ಹೋಗಿ ಮುಟ್ಟಬೇಕಾದ ಒಂದು ಠಾವಿನಂತೆ ಮಾತ್ರ ಇದ್ದಾರೆ. ಕಲೆ ನಮ್ಮಲ್ಲಿದೆ, ಅವರಲ್ಲಿಲ್ಲ ಎಂಬುದು ಈ ಮಾತಿನೊಳಗೆ ಸದ್ದಿಲ್ಲದೆ ಕುಳಿತಿದೆ. ಓದು ಇಲ್ಲದವರೂ ಕಾವ್ಯಪ್ರಯೋಗದಲ್ಲಿ ಬಲ್ಲಿದರು ಎಂದು ಕವಿರಾಜಮಾರ್ಗಕಾರ ಈ ನಾಡಿನವರ ಬಗ್ಗೆ ಹೇಳಿದ್ದನ್ನು ನಾವು ಅಧ್ಯಾಪಕರು ವರ್ಷ ವರ್ಷವೂ ತರಗತಿಯಲ್ಲಿ ವಿವರಿಸಿದ್ದೇವೆ. ವಿವರಿಸಿದಷ್ಟು ನಂಬಿದ್ದೇವೆಯೇ ಎಂಬುದು ಬೇರೆ ಪ್ರಶ್ನೆ.

ನಾನು ನಂಬಿರಲಿಲ್ಲ. ಅದು ತಿಳಿದ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ.

1990ರ ಆಸುಪಾಸಿನಲ್ಲಿ ನಮ್ಮ ನಾಡಿನ ಹಲವು ಜಿಲ್ಲೆಗಳಲ್ಲಿ ಸಾಕ್ಷರತಾ ಆಂದೋಲನ ನಡೆಯಿತಷ್ಟೆ. ಆಗ ನಾನು ತುಮಕೂರಿನ ಕಡೆಯ ಒಂದು ಕಾಲೇಜಿನಲ್ಲಿ ಅಧ್ಯಾಪಕ. ವಿದ್ಯಾರ್ಥಿಗಳ ಒಂದು ತಂಡ ಕಟ್ಟಿಕೊಂಡು, ನಾನೇ ಒಂದು ಬೀದಿನಾಟಕ ಬರೆದು, ರಜೆಯ ದಿನಗಳಲ್ಲಿ ಊರೂರಿಗೆ ಹೋಗುತ್ತಿದ್ದೆ. ನಾಟಕದ ಕಥೆ ಸರಳ. ಬೀಡಿ ಕಟ್ಟುವ ಒಬ್ಬ ಹೆಂಗಸು. ಅವಳಿಗೆ ಅಕ್ಷರ ಬಾರದು, ಲೆಕ್ಕ ಬಾರದು. ಗುತ್ತಿಗೆದಾರ ಸಾವಿರ ಬೀಡಿಯನ್ನು ಎಂಟುನೂರೆಂದು ಎಣಿಸಿ ಮೋಸ ಮಾಡುತ್ತಾನೆ. ರಾತ್ರಿಶಾಲೆಗೆ ಸೇರಿ ಕಲಿತ ಮೇಲೆ ಅವಳು ಆ ಮೋಸವನ್ನು ಹಿಡಿಯುತ್ತಾಳೆ. ಹತ್ತಾರು ಊರುಗಳಲ್ಲಿ ಜನ ಚಪ್ಪಾಳೆ ತಟ್ಟಿದರು. ನನಗೂ ಹೆಮ್ಮೆಯಾಗಿತ್ತು.

ಒಂದು ದಿನ ಬೀಡಿ ಕಟ್ಟುವವರೇ ಹೆಚ್ಚಾಗಿರುವ ಒಂದು ಕೇರಿಯಲ್ಲಿ ನಾಟಕವಾಡಿದೆವು. ಒಬ್ಬ ವಯಸ್ಸಾದ ಹೆಂಗಸು ಜಗಲಿಯ ಮೇಲೆ ಕುಳಿತು, ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಕೈಕೆಲಸ ನಿಲ್ಲಿಸದೆಯೇ ನಾಟಕ ನೋಡಿದರು. ಮುಗಿದ ಮೇಲೆ ನನ್ನನ್ನು ಕರೆದರು.

“ಮೇಷ್ಟ್ರೇ, ನಿಮ್ಮ ಹುಡುಗಿ ಮೊರ ಹಿಡಿದಿದ್ದೇ ಸರಿಯಿಲ್ಲ. ಅದು ಹೋಗ್ಲಿ. ನಮಗೆ ಲೆಕ್ಕ ಬರಲ್ಲ ಅಂತ ನಿಮಗ್ಯಾರು ಹೇಳಿದ್ರು? ಇಪ್ಪತ್ತೈದಕ್ಕೆ ಒಂದು ಕಟ್ಟು, ನಲವತ್ತು ಕಟ್ಟಿಗೆ ಸಾವಿರ. ಕಣ್ಣು ಮುಚ್ಕೊಂಡು ಎಣಿಸ್ತೀನಿ. ಅವನು ತೆಗೀತಾನೆ ಅಂತ ನಂಗೂ ಗೊತ್ತು, ನಂಗೆ ಗೊತ್ತು ಅಂತ ಅವನಿಗೂ ಗೊತ್ತು. ಕೇಳಿದ್ರೆ ನಾಳೆ ಎಲೆ ಕೊಡಲ್ಲ. ಅದಕ್ಕೆ ನಿಮ್ಮ ಶಾಲೇಲಿ ಏನು ಹೇಳಿಕೊಡ್ತೀರಿ?”

ಸಂಜೆ ಇನ್ನೊಂದು ಊರಿನಲ್ಲಿ ಪ್ರದರ್ಶನವಿತ್ತು. ವ್ಯಾನು ಕಾಯುತ್ತಿತ್ತು. “ಒಳ್ಳೇ ಮಾತು ಹೇಳಿದಿರಮ್ಮ” ಎಂದು ಕೈಮುಗಿದು ಹೊರಟುಬಂದೆ. ಆ ಸಂಜೆಯೂ ಅದೇ ನಾಟಕ, ಅದೇ ಸಂಭಾಷಣೆ. ಆ ವರ್ಷವೆಲ್ಲ ಹಾಗೆಯೇ ಆಡಿದೆವು.

ಎರಡು ಮೂರು ವರ್ಷಗಳ ಮೇಲೆ ಕೀನ್ಯಾದ ಲೇಖಕ ಗೂಗಿ ವಾ ಥಿಯಾಂಗೊ ಅವರ ‘ಡಿಕಲೊನೈಸಿಂಗ್ ದ ಮೈಂಡ್’ ಎಂಬ 1986ರ ಪುಸ್ತಕ ನನ್ನ ಕೈಗೆ ಬಂತು. ಅದರಲ್ಲಿ ಆಫ್ರಿಕದ ರಂಗಭೂಮಿಯ ಭಾಷೆಯನ್ನು ಕುರಿತ ಒಂದು ದೀರ್ಘ ಪ್ರಬಂಧವಿದೆ. ಅದನ್ನು ಓದುತ್ತಿದ್ದಂತೆ ಆ ಜಗಲಿಯ ಮೇಲಿನ ಹೆಂಗಸು ಮತ್ತೆ ನನ್ನೆದುರು ಕುಳಿತಂತಾಯಿತು. ನಾನು ವ್ಯಾನು ಹತ್ತಿ ತಪ್ಪಿಸಿಕೊಂಡ ಪ್ರಶ್ನೆಯನ್ನು ಆ ಮನುಷ್ಯ ಹದಿನೈದು ವರ್ಷ ಮೊದಲೇ ಎದುರಿಸಿ ನಿಂತಿದ್ದರು. ಅದಕ್ಕಾಗಿ ಸೆರೆಮನೆಗೂ ಹೋಗಿದ್ದರು. ಇಂದು ನಾನು ಹೇಳಬೇಕೆಂದಿರುವುದು ಆ ಕಥೆಯನ್ನು.

ಕೀನ್ಯಾದ ರಾಜಧಾನಿ ನೈರೋಬಿಯಿಂದ ಸುಮಾರು 30 ಕಿಲೋಮೀಟರು ದೂರದಲ್ಲಿ ಲಿಮುರು ಎಂಬ ಊರಿದೆ. ಅದರ ಮಗ್ಗುಲಲ್ಲಿರುವ ಹಳ್ಳಿ ಕಮಿರೀಥು. ಹಳ್ಳಿ ಎಂದೊಡನೆ ತಲೆತಲಾಂತರದಿಂದ ಬಂದ ಊರೆಂದು ನಾವು ಭಾವಿಸುತ್ತೇವೆ. ಇದು ಹಾಗಲ್ಲ. 1952ರ ಅಕ್ಟೋಬರಿನಲ್ಲಿ ಬ್ರಿಟಿಷ್ ಸರ್ಕಾರ ಅಲ್ಲಿ ತುರ್ತುಪರಿಸ್ಥಿತಿ ಘೋಷಿಸಿತು. ಭೂಮಿಗಾಗಿ ಕಾಡು ಸೇರಿ ಹೋರಾಡುತ್ತಿದ್ದ ಮೌ ಮೌ ಹೋರಾಟಗಾರರಿಗೆ ಊರಿನ ಜನರಿಂದ ಅನ್ನ, ಸುದ್ದಿ, ಮದ್ದುಗುಂಡು ಸಿಗದಂತೆ ಮಾಡಲು ಚದುರಿದ್ದ ಮನೆಗಳನ್ನು ಕೆಡವಿ, ಜನರನ್ನು ಕಾವಲಿನ ಹೊಸ ಹಳ್ಳಿಗಳಿಗೆ ತಂದು ಗುಡ್ಡೆಹಾಕಿತು. ಕಮಿರೀಥು ಅಂಥದೊಂದು ಹಳ್ಳಿ. ಹುಡುಗ ಗೂಗಿ 1955ರಲ್ಲಿ ದೂರದ ಶಾಲೆಯಿಂದ ರಜೆಗೆ ಮನೆಗೆ ಬಂದಾಗ ಮನೆಯೂ ಇರಲಿಲ್ಲ, ಊರೂ ಇರಲಿಲ್ಲ.

1963ರಲ್ಲಿ ಸ್ವಾತಂತ್ರ್ಯ ಬಂತು. ಕಾವಲು ಹೋಯಿತು, ಹಳ್ಳಿ ಉಳಿಯಿತು. ಭೂಮಿ ಕಳೆದುಕೊಂಡವರಿಗೆ ಬಹುಪಾಲು ಭೂಮಿ ಮರಳಲಿಲ್ಲ. ಲಿಮುರುವಿನಲ್ಲಿ ಬಾಟಾ ಪಾದರಕ್ಷೆಯ ಕಾರ್ಖಾನೆಯಿತ್ತು; ಸುತ್ತಲೂ ಚಹಾ ತೋಟಗಳು. ಕಾರ್ಖಾನೆಯ ಕೆಲಸಗಾರರು, ತೋಟದ ಕೂಲಿಗಳು, ಅಂಗೈಯಗಲದ ಜಮೀನಿನವರು, ಏನೂ ಇಲ್ಲದವರು, ಕೆಲಸ ಹುಡುಕುತ್ತಿದ್ದ ಯುವಕರು, ಕಾಡಿನ ಹೋರಾಟದಿಂದ ಹಿಂತಿರುಗಿದ ಮುದುಕರು, ಇವರೆಲ್ಲ ಸೇರಿ ಕಮಿರೀಥು. ಒಂದೇ ನುಡಿ ಆಡುವವರಾದರೂ ಇವರನ್ನು ಒಂದು ಸಮುದಾಯವೆಂದು ಕರೆಯುವುದು ಸುಲಭವಲ್ಲ. ಬಲವಂತ ಮತ್ತು ಬಡತನ ಅವರನ್ನು ಒಂದೆಡೆ ಕೂಡಿಸಿತ್ತು, ಅಷ್ಟೆ.

ಗೂಗಿ ಅಷ್ಟರಲ್ಲಿ ಹೆಸರಾಂತ ಕಾದಂಬರಿಕಾರ. ನೈರೋಬಿ ವಿಶ್ವವಿದ್ಯಾಲಯದ ಸಾಹಿತ್ಯ ವಿಭಾಗದ ಮುಖ್ಯಸ್ಥ. 1968ರಲ್ಲಿ, ಇಬ್ಬರು ಸಹೋದ್ಯೋಗಿಗಳ ಜತೆ ಸೇರಿ, ತಮ್ಮ ಇಂಗ್ಲಿಷ್ ವಿಭಾಗವನ್ನೇ ತೆಗೆದುಹಾಕಿ ಆಫ್ರಿಕದ ಸಾಹಿತ್ಯವನ್ನು ನಡುವೆ ಇಡಬೇಕೆಂದು ವಾದಿಸಿದ ಸಾಹಸಿ. (ನಮ್ಮ ಅಧ್ಯಯನ ಮಂಡಳಿಗಳಲ್ಲಿ ಒಂದು ಪಠ್ಯಪುಸ್ತಕ ಬದಲಾಯಿಸಲು ಎಷ್ಟು ಸಭೆ ಬೇಕಾಗುತ್ತದೆಂದು ಬಲ್ಲ ನನಗೆ ಈ ಸಂಗತಿ ಓದಿದಾಗಲೆಲ್ಲ ಬೆರಗಾಗುತ್ತದೆ.) ಆದರೂ ಅವರ ಕಾದಂಬರಿಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಅವರ ಕಥೆಗಳಲ್ಲಿ ಬರುವ ರೈತನಾಗಲಿ ಕೂಲಿಯಾಗಲಿ ಅವನ್ನು ಓದುವಂತಿರಲಿಲ್ಲ.

1976ರಲ್ಲಿ ಒಂದು ಬೆಳಗ್ಗೆ ಕಮಿರೀಥುವಿನ ಒಬ್ಬ ಹೆಂಗಸು ಅವರ ಮನೆಯ ಬಾಗಿಲಿಗೆ ಬಂದಳು. ನೀವು ಬಹಳ ಓದಿದವರಂತೆ, ಪುಸ್ತಕ ಬರೆಯುತ್ತೀರಂತೆ. ಆ ವಿದ್ಯೆಯಲ್ಲಿ ಸ್ವಲ್ಪವನ್ನು ಊರಿಗೂ ಏಕೆ ಕೊಡಬಾರದು ಎಂಬುದು ಅವಳ ಪ್ರಶ್ನೆಯ ಸಾರಾಂಶ. ಊರಿನಲ್ಲಿ ಪಾಳುಬಿದ್ದ ಒಂದು ಯುವಕೇಂದ್ರವಿತ್ತು; ಅದನ್ನು ಎತ್ತಿ ನಿಲ್ಲಿಸಲು ನೆರವು ಬೇಕಾಗಿತ್ತು. ನೋಡೋಣ ಎಂದು ಗೂಗಿ ಸಾಗಹಾಕಿದರು. ಅವಳು ಮುಂದಿನ ಭಾನುವಾರವೂ ಬಂದಳು, ಅದರ ಮುಂದಿನ ಭಾನುವಾರವೂ ಬಂದಳು. ಒಪ್ಪುವವರೆಗೆ ಬಿಡಲಿಲ್ಲ. ಈ ಘಟನೆಯನ್ನು ಗೂಗಿ ಮುಚ್ಚಿಡದೆ ಬರೆದಿದ್ದಾರೆ. ಅವರು ಜನರ ಬಳಿಗೆ ಹೋಗಲಿಲ್ಲ. ಜನರೇ ಬಂದು ಅವರನ್ನು ಎಳೆದುಕೊಂಡು ಹೋದರು.

ಮೊದಲು ನಡೆದದ್ದು ವಯಸ್ಕರ ಓದುಬರಹದ ತರಗತಿ. ಅದನ್ನು ನಡೆಸಲು ಮುಂದಾದವರು ಗೂಗಿ ವಾ ಮಿರಿಯಿ ಎಂಬ ಇನ್ನೊಬ್ಬರು. ಹೆಸರು ಒಂದೇ ಆದರೂ ನೆಂಟರಲ್ಲ. ಅಕ್ಷರ ಕಲಿಸುವಾಗ ತಮ್ಮ ತಮ್ಮ ಬದುಕನ್ನೇ ಮಾತಾಡಿಸಿ ಕಲಿಸಿದರು. ತಾನು ಎಲ್ಲಿ ಹುಟ್ಟಿದೆ, ಭೂಮಿ ಹೇಗೆ ಹೋಯಿತು, ಕಾರ್ಖಾನೆಯಲ್ಲಿ ಏನಾಗುತ್ತದೆ, ಇವೇ ಪಾಠಗಳು. ಈ ಮಾತುಕತೆಯೇ ನಾಟಕದ ಕಡೆಗೆ ಹೊರಳಿತು. 1976ರ ಕೊನೆಗೆ ಕೇಂದ್ರದವರು ಇಬ್ಬರು ಗೂಗಿಗಳಿಗೂ ಒಂದು ನಾಟಕದ ಕರಡು ಬರೆದುಕೊಡುವಂತೆ ಹೇಳಿದರು. ಅದು ಗಿಕುಯು ಭಾಷೆಯಲ್ಲೇ ಇರಬೇಕಾಯಿತು. ಆ ಊರಿನಲ್ಲಿ ಬೇರೆ ಭಾಷೆಯ ನಾಟಕಕ್ಕೆ ಅರ್ಥವೇ ಇರಲಿಲ್ಲ. ಹದಿನೇಳು ವರ್ಷ ಇಂಗ್ಲಿಷಿನಲ್ಲಿ ಬರೆದ ಲೇಖಕ ತಾಯ್ನುಡಿಗೆ ಮರಳಿದ್ದು ಸಿದ್ಧಾಂತದಿಂದಲ್ಲ, ಈ ಸರಳ ಅಗತ್ಯದಿಂದ.

1977ರ ವಸಂತದ ಹೊತ್ತಿಗೆ ಕರಡು ಸಿದ್ಧವಾಯಿತು. ಮುಂದೆ ಆದದ್ದನ್ನು ಸಾಹಿತ್ಯದ ಅಧ್ಯಾಪಕರು ಗಮನವಿಟ್ಟು ನೋಡಬೇಕು. ಬರೆದವರು ಓದಿ ಹೇಳಿದರು, ಕೇಳಿದವರು ತಿದ್ದತೊಡಗಿದರು. ಗಿಕುಯು ಸಮಾಜದಲ್ಲಿ ವಯಸ್ಸಿಗೆ ತಕ್ಕ ಮಾತಿನ ವರಸೆಯಿದೆ. ಮುದುಕನ ಬಾಯಲ್ಲಿ ಹುಡುಗನ ಮಾತು ಬಂದರೆ ಕುಳಿತವರು ಸುಮ್ಮನಿರುತ್ತಿರಲಿಲ್ಲ. ಇಂಥ ವಯಸ್ಸಿನವನು ಹೀಗೆ ಮಾತಾಡುವುದಿಲ್ಲ ಎಂದು ತಡೆಯುತ್ತಿದ್ದರು. ಹಳೆಯ ಮದುವೆಯ ಶಾಸ್ತ್ರವನ್ನು ತೋರಿಸುವ ದೃಶ್ಯಕ್ಕೆ ಹಾಡಿನಲ್ಲೇ ಸವಾಲು ಜವಾಬು ನಡೆಯುವ ಗಿತೀರೊ ಎಂಬ ಪ್ರಕಾರ ಬೇಕಿತ್ತು. ಪ್ರಾಧ್ಯಾಪಕರಿಗೆ ಅದು ತಿಳಿಯದು. ಅಕ್ಷರ ಬಾರದ ಒಬ್ಬ ಮುದುಕಿ ಹೇಳಿಕೊಟ್ಟಳು. ತಾನು ತನ್ನ ಭಾಷೆಯನ್ನು ಮತ್ತೆ ಮೊದಲಿನಿಂದ ಕಲಿತೆ ಎಂಬ ಅರ್ಥದ ಮಾತನ್ನು ಗೂಗಿ ಆಡಿದ್ದಾರೆ. ವಿನಯದ ಅಲಂಕಾರವಲ್ಲ ಅದು; ವರದಿ.

ಕಾರ್ಖಾನೆಯ ಸಂಗತಿ ಇನ್ನೂ ಸ್ವಾರಸ್ಯದ್ದು. ನಾಟಕದಲ್ಲಿ ಗಿಚಾಂಬ ಎಂಬ ಕಾರ್ಮಿಕನ ಪಾತ್ರವಿದೆ. ಕಾರ್ಖಾನೆಯ ಒಳಗನ್ನು ನೋಡದ ಲೇಖಕರಿಗೆ ತಿಳಿಸಲೆಂದು ಬಾಟಾ ಕಾರ್ಖಾನೆಯ ಒಂದು ವಿಭಾಗದ ಕೆಲಸಗಾರರು ಕುಳಿತು ತಮ್ಮ ದುಡಿಮೆಯ ಲೆಕ್ಕ ಹಾಕಿದರೆಂದು ಗೂಗಿ ಬರೆಯುತ್ತಾರೆ. ಯಂತ್ರದ ಸವಕಳಿಯನ್ನೂ ಹಾಕಿದ ಬಂಡವಾಳವನ್ನೂ ಅವರು ಬಿಟ್ಟಿರಲಿಲ್ಲ. ಕೊನೆಗೆ ಅವರು ಕಂಡ ಲೆಕ್ಕ ಇದು: ಸುಮಾರು 3000 ಮಂದಿಗೆ ಕೊಡುವ ಇಡೀ ತಿಂಗಳ ಸಂಬಳಕ್ಕೆ ಸಾಲುವಷ್ಟು ಬೆಲೆಯ ಪಾದರಕ್ಷೆ ಒಂದೇ ದಿನದಲ್ಲಿ ತಯಾರಾಗುತ್ತಿತ್ತು. ಉಳಿದ 29 ದಿನ ತಾವು ದುಡಿಯುವುದು ಯಾರಿಗಾಗಿ ಎಂಬುದು ಅವರ ಪ್ರಶ್ನೆಯಾಯಿತು. ಅರ್ಥಶಾಸ್ತ್ರಜ್ಞರು ಈ ಲೆಕ್ಕವನ್ನು ಒಪ್ಪಲಿ, ಬಿಡಲಿ. ಲೆಕ್ಕ ಹಾಕಿದವರು ಯಾರು ಎಂಬುದು ನನ್ನನ್ನು ಕಾಡಿತು. ನನ್ನ ನಾಟಕದಲ್ಲಿ ಲೆಕ್ಕ ಬಾರದ್ದೇ ಬಡವರ ಕಷ್ಟಕ್ಕೆ ಕಾರಣವಾಗಿತ್ತು. ಅಲ್ಲಿ ಬಡವರೇ ಪ್ರಾಧ್ಯಾಪಕರಿಗೆ ಲೆಕ್ಕ ಹೇಳಿಕೊಟ್ಟರು.

ಇನ್ನೊಂದು ಸಣ್ಣ ವಿವರ. ನಾಟಕದಲ್ಲಿ ಹಳೆಯ ಹೋರಾಟದ ಪ್ರಸಂಗಕ್ಕೆ ಹುಸಿ ಬಂದೂಕುಗಳು ಬೇಕಾದವು. ಅವನ್ನು ಮಾಡಿಕೊಟ್ಟವನು ಹೋರಾಟದ ಕಾಲದಲ್ಲಿ ಮೌ ಮೌ ಪಡೆಗೆ ನಿಜವಾದ ಬಂದೂಕು ಮಾಡಿಕೊಡುತ್ತಿದ್ದವನಂತೆ.

ಕೇಂದ್ರಕ್ಕೆ ನಾಲ್ಕು ಎಕರೆ ಜಾಗವಿತ್ತು, ಅದರಲ್ಲಿ ಮಣ್ಣಿನ ಗೋಡೆಯ, ಬೀಳುವ ಸ್ಥಿತಿಯ, ನಾಲ್ಕು ಕೋಣೆಯ ಒಂದು ಕಟ್ಟಡ, ಉಳಿದದ್ದು ಹುಲ್ಲು. ಅಲ್ಲಿ ರಂಗಮಂದಿರ ಕಟ್ಟಿದವರು ಊರಿನವರೇ. ಬೆಂಕಿಕಡ್ಡಿಗಳನ್ನು ಜೋಡಿಸಿ ಅದರ ನಕ್ಷೆ ಮಾಡಿಕೊಂಡರು. ಅರ್ಧವೃತ್ತಾಕಾರದ ಒಂದು ಜಗತಿ, ಅದರ ಹಿಂದೆ ಬಿದಿರಿನ ಗೋಡೆ, ಅದರ ಹಿಂದೆ ಸಾಮಾನಿಗೂ ಬಣ್ಣ ಹಚ್ಚಿಕೊಳ್ಳಲಿಕ್ಕೂ ಮೂರು ಕೋಣೆ. ನೋಡುವವರಿಗೆ ಮೆಟ್ಟಿಲಿನಂತೆ ಏರುವ ಮರದ ಹಲಗೆಗಳು. ಎರಡು ಸಾವಿರಕ್ಕೂ ಹೆಚ್ಚು ಜನ ಕೂರಬಹುದಾದಷ್ಟು. ಮೇಲೆ ಆಕಾಶ. ನಮ್ಮ ಬಯಲಾಟದ ಅಟ್ಟವನ್ನು ಕಂಡವರಿಗೆ ಇದನ್ನು ಬಣ್ಣಿಸಬೇಕಾಗಿಲ್ಲ.

ತಾಲೀಮು ಶುರುವಾದದ್ದು 1977ರ ಜೂನ್ ತಿಂಗಳಲ್ಲಿ. ವಾರದ ಕೊನೆಯಲ್ಲಿ, ದುಡಿಮೆಗೆ ಅಡ್ಡಿಯಾಗದ ವೇಳೆಯಲ್ಲಿ, ಬಯಲಿನಲ್ಲಿ. ನಿರ್ದೇಶಕ ಕಿಮಾನಿ ಗೆಚಾವು ಎಂಬ ವಿಶ್ವವಿದ್ಯಾಲಯದ ಅಧ್ಯಾಪಕರು. ಬೇಲಿಯಿಲ್ಲ, ಪರದೆಯಿಲ್ಲ, ದಾರಿಹೋಕರೂ ನಿಂತು ನೋಡುತ್ತಿದ್ದರು, ಸಲಹೆ ಕೊಡುತ್ತಿದ್ದರು. ನಟರು ತಪ್ಪುವುದನ್ನೂ ಮತ್ತೆ ಕಲಿಯುವುದನ್ನೂ ಊರು ಕಣ್ಣಾರೆ ಕಂಡಿತು. ನಟನೆಂದರೆ ಹುಟ್ಟಿನಿಂದಲೇ ಬೇರೆ ಬಗೆಯ ಜೀವಿ ಎಂಬ ಭ್ರಮೆ ಹಾಗೆ ಹೋಯಿತೆಂದು ಗೂಗಿ ಹೇಳುತ್ತಾರೆ. ನಾಟಕ ಮೊದಲ ಪ್ರದರ್ಶನ ಕಾಣುವ ಹೊತ್ತಿಗೆ ಅದರ ಮಾತುಗಳು ಊರಿನಲ್ಲಿ ಬಹಳ ಮಂದಿಗೆ ಬಾಯಿಪಾಠ.

ನಾಟಕದ ಹೆಸರು ‘ನ್ಗಾಹಿಕಾ ನ್ದೇಂದಾ’. ನನಗೆ ಬೇಕಾದಾಗ ಮದುವೆಯಾಗುತ್ತೇನೆ ಎಂದರ್ಥ. ಕಿಗೂಂದ ಒಬ್ಬ ಬಡ ಕೂಲಿ. ಅವನಿಗಿರುವುದು ಒಂದೂವರೆ ಎಕರೆ ಭೂಮಿ. ಅದರ ಹಕ್ಕುಪತ್ರವನ್ನು ಗೋಡೆಯ ಮೇಲೆ ದೇವರ ಪಟದಂತೆ ಜೋಪಾನ ಮಾಡಿದ್ದಾನೆ. ಅವನ ಮಗಳನ್ನು ಧಣಿಯ ಮಗ ಮೋಹಿಸುತ್ತಾನೆ. ಧಣಿ ಕಿಯೋಯಿ ದೊಡ್ಡ ಭಕ್ತ. ಮಕ್ಕಳ ಮಾತು ಆಮೇಲೆ, ಮೊದಲು ನೀವೇ ಇಗರ್ಜಿಯಲ್ಲಿ ಶಾಸ್ತ್ರೋಕ್ತವಾಗಿ ಮದುವೆಯಾಗಿ ಎಂದು ವರ್ಷಾನುಗಟ್ಟಲೆ ಸಂಸಾರ ಮಾಡಿದ ಗಂಡಹೆಂಡಿರಿಗೆ ಉಪದೇಶಿಸುತ್ತಾನೆ. ಆ ಮದುವೆಯ ಖರ್ಚಿಗೆ ಕಿಗೂಂದ ಭೂಮಿಯನ್ನು ಬ್ಯಾಂಕಿಗೆ ಅಡವಿಡುತ್ತಾನೆ. ಮಗಳು ಬಸುರಾಗುತ್ತಾಳೆ, ಹುಡುಗ ಕೈಬಿಡುತ್ತಾನೆ, ಸಾಲ ತೀರದೆ ಭೂಮಿ ಹರಾಜಾಗುತ್ತದೆ, ಕೊಳ್ಳುವವನು ಅದೇ ಧಣಿ. ವಿದೇಶಿ ಪಾಲುದಾರರ ಕೀಟನಾಶಕ ಕಾರ್ಖಾನೆಗೆ ಆ ಜಾಗ ಮೊದಲಿನಿಂದಲೂ ಬೇಕಾಗಿತ್ತು.

ನಾಟಕವನ್ನು ಇಂಗ್ಲಿಷಿನಲ್ಲಿ ಓದಿದವನಾಗಿ ಹೇಳುವುದಾದರೆ, ಕೊನೆಯ ಭಾಗ ಸ್ವಲ್ಪ ಉಪದೇಶಕ್ಕೆ ತಿರುಗುತ್ತದೆ. ಗಿಚಾಂಬನ ಕೆಲವು ಮಾತುಗಳು ವೇದಿಕೆಯ ಭಾಷಣದಂತಿವೆ. ಇಲ್ಲಿ ಊರಿನವರ ದನಿಗಿಂತ ಪ್ರಾಧ್ಯಾಪಕರ ದನಿಯೇ ಮೇಲಾಯಿತೋ ಏನೋ ಎಂಬ ಅನುಮಾನ ನನಗಿದೆ. ಆದರೆ ಮೊದಲ ಅಂಕದಲ್ಲಿ, ದೊಡ್ಡ ಮನೆಯವರು ಬರುತ್ತಾರೆಂದು ಬಡವರ ಮನೆ ಸಂಭ್ರಮಪಡುವ ಬಗೆಯಿದೆಯಲ್ಲ, ಆ ಮುಜುಗರ, ಆ ಆಸೆ, ಕುರ್ಚಿ ಎಲ್ಲಿಂದ ತರುವುದೆಂಬ ಪೇಚಾಟ, ಅದನ್ನು ಹೊರಗಿನವರು ಊಹಿಸಿ ಬರೆಯಲಾರರು.

1977ರ ಅಕ್ಟೋಬರ್ 2ರಂದು ಮೊದಲ ಪ್ರದರ್ಶನ. ದೂರದೂರುಗಳಿಂದ ಜನ ಬಸ್ಸು ಗೊತ್ತುಮಾಡಿಕೊಂಡು ಬಂದರು. ನವೆಂಬರ್ 16ರಂದು ಜಿಲ್ಲಾಧಿಕಾರಿ ಪರವಾನಗಿಯನ್ನು ಹಿಂತೆಗೆದುಕೊಂಡರು, ನಾಟಕ ನಿಂತಿತು. ಡಿಸೆಂಬರಿನ ಕೊನೆಯ ರಾತ್ರಿಗಳಲ್ಲೊಂದರಲ್ಲಿ ಪೊಲೀಸರು ಗೂಗಿ ಅವರನ್ನು ಮನೆಯಿಂದ ಹಿಡಿದೊಯ್ದರು. ವಿಚಾರಣೆಯಿಲ್ಲದೆ ಸುಮಾರು ಒಂದು ವರ್ಷ ಕಮಿಟಿ ಸೆರೆಮನೆಯಲ್ಲಿಟ್ಟರು. ಅಲ್ಲಿ ಶೌಚದ ಕಾಗದದ ಮೇಲೆ ಅವರು ಗಿಕುಯು ಭಾಷೆಯ ತಮ್ಮ ಮೊದಲ ಕಾದಂಬರಿ ಬರೆದರು. ಅದು ‘ಡೆವಿಲ್ ಆನ್ ದ ಕ್ರಾಸ್’ ಎಂದು ಇಂಗ್ಲಿಷಿಗೂ ಬಂದಿದೆ. 1978ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ವಿಶ್ವವಿದ್ಯಾಲಯದ ಕೆಲಸ ಮಾತ್ರ ಮರಳಿ ಸಿಗಲಿಲ್ಲ.

ಇಲ್ಲಿ ಒಂದು ಸೋಜಿಗವಿದೆ. ಅದೇ 1977ರಲ್ಲಿ ಅವರ ‘ಪೆಟಲ್ಸ್ ಆಫ್ ಬ್ಲಡ್’ ಎಂಬ ಇಂಗ್ಲಿಷ್ ಕಾದಂಬರಿ ಪ್ರಕಟವಾಗಿತ್ತು. ಸ್ವತಂತ್ರ ಕೀನ್ಯಾದ ಧಣಿಗಳ ಮೇಲೆ ಅದರಲ್ಲಿರುವ ಟೀಕೆ ನಾಟಕದ್ದಕ್ಕಿಂತ ಕಡಿಮೆಯದಲ್ಲ. ಅದಕ್ಕೆ ಯಾರೂ ಬಂಧಿಸಲಿಲ್ಲ. ಹಿಂದಿನ ವರ್ಷ, ಮಿಚೆರೆ ಗಿಥಾಯಿ ಮುಗೊ ಅವರ ಜತೆ ಸೇರಿ ಬರೆದ ದೇದಾನ್ ಕಿಮಾಥಿಯ ವಿಚಾರಣೆಯನ್ನು ಕುರಿತ ಇಂಗ್ಲಿಷ್ ನಾಟಕ ರಾಜಧಾನಿಯ ರಾಷ್ಟ್ರೀಯ ರಂಗಮಂದಿರದಲ್ಲೇ ಆಡಲ್ಪಟ್ಟಿತ್ತು. ಕಷ್ಟಪಟ್ಟು ಕೆಲವೇ ದಿನ ಸಿಕ್ಕಿದರೂ ಆಡಲು ಬಿಟ್ಟಿದ್ದರು. ಹಾಗಾದರೆ ಅಧಿಕಾರಕ್ಕೆ ಅಂಜಿಕೆ ತಂದದ್ದು ವಿಚಾರವಲ್ಲ. ಪುಸ್ತಕದಲ್ಲಿರುವ ವಿಚಾರ ಪುಸ್ತಕದಂಗಡಿಯಲ್ಲಿರುತ್ತದೆ. ಅದನ್ನು ಚಹಾ ತೋಟದ ಕೂಲಿ ತನ್ನ ನುಡಿಯಲ್ಲಿ, ತಾನೇ ತಿದ್ದಿದ ಮಾತಿನಲ್ಲಿ, ತಾನೇ ಕಟ್ಟಿದ ಜಗತಿಯ ಮೇಲೆ ನಿಂತು ಆಡಿದಾಗ ಪರಿಸ್ಥಿತಿ ಬೇರೆಯಾಗುತ್ತದೆ. ನನ್ನ ಬೀದಿನಾಟಕಕ್ಕೆ ಯಾವ ಗುತ್ತಿಗೆದಾರನೂ ತಕರಾರು ತೆಗೆಯಲಿಲ್ಲ. ಒಂದೂರಿನಲ್ಲಿ ಅವರಲ್ಲೊಬ್ಬರು ತಂಡಕ್ಕೆಲ್ಲ ಕಾಫಿ ಕೊಡಿಸಿದ್ದರು. ಆಗ ಅದನ್ನು ನಾಟಕದ ಯಶಸ್ಸೆಂದು ತಿಳಿದಿದ್ದೆ.

ಕಮಿರೀಥುವಿನವರು ಮತ್ತೊಮ್ಮೆ ಎದ್ದರು. 1981ರ ಕೊನೆಗೆ ‘ಮೈತು ನ್ಜುಗೀರಾ’, ಅಂದರೆ ತಾಯಿ, ನನಗಾಗಿ ಹಾಡು, ಎಂಬ ಹೊಸ ಸಂಗೀತ ನಾಟಕಕ್ಕೆ ತೊಡಗಿದರು. ಇದರ ಹರವು ಇನ್ನೂ ದೊಡ್ಡದು. ಗಿಕುಯು ಒಂದೇ ಅಲ್ಲದೆ ಕೀನ್ಯಾದ ಹಲವು ಜನಾಂಗಗಳ ಹಾಡು ಕುಣಿತಗಳನ್ನು ಅದರಲ್ಲಿ ಹೆಣೆದಿದ್ದರು. ಒಬ್ಬರ ಹಾಡನ್ನು ಇನ್ನೊಬ್ಬರು ಕಲಿಯಬೇಕಾಗಿತ್ತು. 1982ರ ಫೆಬ್ರವರಿಯಲ್ಲಿ ನೈರೋಬಿಯ ರಾಷ್ಟ್ರೀಯ ರಂಗಮಂದಿರದಲ್ಲಿ ಪ್ರದರ್ಶನವೆಂದು ಗೊತ್ತಾಗಿತ್ತು. ಪರವಾನಗಿ ಬರಲಿಲ್ಲ, ತಂಡ ಹೋದಾಗ ಬಾಗಿಲಿಗೆ ಬೀಗ. ವಿಶ್ವವಿದ್ಯಾಲಯದ ರಂಗದಲ್ಲಿ ತಾಲೀಮು ಮುಂದುವರಿಸಿದರು. ತಾಲೀಮಿಗೆ ಟಿಕೆಟ್ಟಿಲ್ಲ, ಪರವಾನಗಿಯೂ ಬೇಕಿಲ್ಲವಲ್ಲ. ಸಾವಿರಾರು ಜನ ಬಂದು ತಾಲೀಮನ್ನೇ ನಾಟಕವೆಂದು ನೋಡಿದರು. ಕೊನೆಗೆ ಅದನ್ನೂ ನಿಲ್ಲಿಸಿದರು.

ಮಾರ್ಚ್ 12ರಂದು ಮೂರು ಲಾರಿ ತುಂಬ ಶಸ್ತ್ರಸಜ್ಜಿತ ಪೊಲೀಸರು ಕಮಿರೀಥುವಿಗೆ ಬಂದು ಬಯಲು ರಂಗಮಂದಿರವನ್ನು ನೆಲಸಮ ಮಾಡಿದರು. ಆ ವರ್ಷವೇ ಗೂಗಿ ದೇಶಭ್ರಷ್ಟರಾದರು. ಇನ್ನೊಬ್ಬ ಗೂಗಿಯೂ ಕಿಮಾನಿ ಗೆಚಾವು ಅವರೂ ಜಿಂಬಾಬ್ವೆ ಸೇರಿಕೊಂಡರು. ಕಮಿರೀಥುವಿನಲ್ಲಿ ಕಲಿತದ್ದನ್ನು ಅಲ್ಲಿನ ಹಳ್ಳಿಗಳಲ್ಲಿ, ಅಲ್ಲಿನ ಭಾಷೆಗಳಲ್ಲಿ ಮುಂದುವರಿಸಿದರು. ಗೂಗಿ ವಾ ಮಿರಿಯಿ 2008ರಲ್ಲಿ ಅಲ್ಲಿಯೇ ರಸ್ತೆ ಅಪಘಾತದಲ್ಲಿ ಮಡಿದರು.

‘ನ್ಗಾಹಿಕಾ ನ್ದೇಂದಾ’ 2022ರ ಮೇ ತಿಂಗಳಲ್ಲಿ ಮತ್ತೆ ರಂಗಕ್ಕೆ ಬಂತು. ನೈರೋಬಿಯ ರಾಷ್ಟ್ರೀಯ ರಂಗಮಂದಿರದಲ್ಲಿ, ಗಿಕುಯು ಮತ್ತು ಇಂಗ್ಲಿಷ್ ಎರಡರಲ್ಲೂ. ಒಂದು ಕಾಲಕ್ಕೆ ಬೀಗ ಹಾಕಿದ್ದ ಬಾಗಿಲು ಅದು. ಸಂತೋಷದ ಸುದ್ದಿಯೇ, ಆದರೂ ಅಲ್ಲಿ ಆಡಿದವರು ನಗರದ ವೃತ್ತಿಪರ ನಟರು. ಗೂಗಿ 2025ರ ಮೇ 28ರಂದು ಅಮೆರಿಕದಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆ ಪುಸ್ತಕ ಓದಿದ ವರ್ಷ ನಾನು ಬೀಡಿ ಕಟ್ಟುವವರ ಆ ಕೇರಿಗೆ ಇನ್ನೊಮ್ಮೆ ಹೋಗಿದ್ದೆ. ನಾಟಕವನ್ನು ಆಕೆಯ ಎದುರಿಗೆ ಓದಿ, ತಿದ್ದಿಸಿಕೊಂಡು ಬರೋಣವೆಂದು ಹಸ್ತಪ್ರತಿಯನ್ನೂ ಒಯ್ದಿದ್ದೆ. ಆಕೆ ಮಗಳ ಊರಿಗೆ ಹೋಗ್ಬಿಟ್ಟರು ಎಂದು ಪಕ್ಕದ ಮನೆಯವರು ಹೇಳಿದರು. ಯಾವ ಊರೆಂದು ಅವರಿಗೆ ಗೊತ್ತಿರಲಿಲ್ಲ. ಆಕೆಯ ಮಾತನ್ನು ಆ ದಿನವೇ ಬರೆದುಕೊಂಡಿದ್ದರೆ ಇಂದು ಅವರದೇ ನುಡಿಯಲ್ಲಿ ನಿಮಗೆ ಹೇಳಬಹುದಾಗಿತ್ತು. ಮೇಲೆ ಹೇಳಿದ್ದು ನನಗೆ ನೆನಪಿದ್ದಷ್ಟು.